ಕೆ1000: ಮೀಟರ್ ಸತ್ತಿದೆ, ಲೆನ್ಸಲ್ಲಿ ಫಂಗಸ್ ಇದೆ. ತಗೋಬಹುದಾ?

ಕಡಲತಡಿ_35
ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ ಒಂದು ಮಾರಾಟಕ್ಕಿದೆ, ಜೊತೆಗೆ ಎಸ್‌ಎಂಸಿ ಪೆಂಟಾಕ್ಸ್-ಎಂ 50 ಎಂಎಂ ಎಫ್/2 ಲೆನ್ಸ್. ಬೆಳಕು ಅಳೆಯುವ ಮೀಟರಿನ ಮುಳ್ಳು ಅಲ್ಲಾಡಲ್ಲ, "ಸೆಲ್ ಹಾಕಿದ್ರೆ ಸರಿಹೋಗುತ್ತೆ" ಅಂತಾರೆ. ಮುಂದಿನ ಗಾಜಿನ ಅಂಚಲ್ಲಿ ಜೇಡರಬಲೆಯಂಥ ಎಳೆ, ಬೆಳಕು ಒಳನುಗ್ಗದಂತೆ ಹಿಂಬಾಗಿಲಿಗೆ ಹಾಕಿದ ಸ್ಪಂಜು ಅಂಟಂಟು. ಅದೇ ಬೆಲೆಗೆ ಯಾಶಿಕಾ ಎಲೆಕ್ಟ್ರೋ 35 ಜಿಎಸ್ಎನ್ ಕ್ಯಾಮೆರಾ ಕೂಡ ಸಿಗ್ತಿದೆ, ಸೆಲ್ ಹಾಕಿ ನೋಡಿಲ್ಲವಂತೆ. ನಾನಿರೋದು ಉಡುಪಿಯಲ್ಲಿ, ಫಿಲ್ಮ್ ಫೋಟೋಗ್ರಫಿ ನನಗೆ ಹೊಸದು. ಯಾವುದು ತಗೋಳ್ಲಿ, ಕೈಗೆ ಸಿಕ್ಕಾಗ ಏನೇನು ನೋಡ್ಬೇಕು?

ಬಟ್ಟೆ_ಷಟರ್
ಮೀಟರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಷಟರ್ (ಫಿಲ್ಮಿಗೆ ಬೆಳಕು ಬಿಡುವ ಎರಡು ಪರದೆ) ನೋಡಿ. ಕೆ1000ದ ಷಟರ್ ಪೂರ್ತಿ ಯಾಂತ್ರಿಕ. ಸೆಲ್ ಇಲ್ಲದೆಯೂ 1 ಸೆಕೆಂಡಿನಿಂದ 1/1000ದವರೆಗೆ ಎಲ್ಲ ವೇಗವೂ ಓಡುತ್ತದೆ. ಸೆಲ್ ಬೇಕಿರುವುದು ಮೀಟರಿಗೆ ಮಾತ್ರ, ಅದೂ ಒಂದೇ ಒಂದು ಎಲ್‌ಆರ್44. ಹೋಗುವಾಗ ಒಂದು ಜೇಬಲ್ಲಿಟ್ಟುಕೊಂಡು ಹೋಗಿ. ತಳದ ಮುಚ್ಚಳ ನಾಣ್ಯದಿಂದ ತಿರುಗಿಸಿ ತೆಗೆದು ನೋಡಿ. ಒಳಗೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಹಳೆಯ ಸೆಲ್ ಸೋರಿದೆ ಎಂದರ್ಥ. ಹತ್ತಿಕಡ್ಡಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಎಷ್ಟೋ ಸಲ ಮುಳ್ಳು ಏಳುತ್ತದೆ. ಏಳದಿದ್ದರೆ ಒಳಗಿನ ತಂತಿಯೇ ತುಕ್ಕು ಹಿಡಿದಿರುತ್ತದೆ, ಅದು ಬಿಚ್ಚುವ ಕೆಲಸ.

ಷಟರ್ ಪರೀಕ್ಷೆ ಹೀಗೆ: ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಬೆಳಕಿರುವ ಕಿಟಕಿಯ ಕಡೆ ಹಿಡಿದು 1/1000ದಲ್ಲಿ ಹತ್ತಾರು ಸಲ ಒತ್ತಿ. ಚೌಕಟ್ಟು ಪೂರ್ತಿ ಮಿಂಚಬೇಕು. ಒಂದು ಪಕ್ಕ ಕಪ್ಪಾಗಿಯೇ ಉಳಿದರೆ ಎರಡನೇ ಪರದೆ ಮೊದಲನೆಯದನ್ನು ದಾರಿಯಲ್ಲೇ ಹಿಡಿದುಬಿಡುತ್ತಿದೆ. ಎಣ್ಣೆ ಒಣಗಿದಾಗ ಆಗುವುದೇ ಇದು. ಸರ್ವಿಸ್ ಆಗುವವರೆಗೆ 1/500ಕ್ಕಿಂತ ಮೇಲೆ ಹೋಗದೆ ಬಳಸಬಹುದು, ಅಲ್ಲೂ ಕಪ್ಪು ಕಂಡರೆ ಕ್ಯಾಮೆರಾ ಬಿಟ್ಟುಬಿಡಿ.

ನಿಧಾನದ ವೇಗಗಳಿಗೆ ಮೊಬೈಲಿನ ಸ್ಲೋ ಮೋಷನ್ ಸಾಕು. ಸೆಕೆಂಡಿಗೆ 240 ಫ್ರೇಮಿನಲ್ಲಿ ರೆಕಾರ್ಡ್ ಮಾಡಿ, ಷಟರ್ ತೆರೆದಿರುವ ಫ್ರೇಮುಗಳನ್ನು ಎಣಿಸಿ: 1/2ಕ್ಕೆ 120, 1/8ಕ್ಕೆ 30, 1/30ಕ್ಕೆ 8. ಫ್ಲಾಶ್ ಸಿಂಕ್ (ಚೌಕಟ್ಟು ಪೂರ್ತಿ ತೆರೆಯುವ ಅತಿ ಹೆಚ್ಚಿನ) ವೇಗವಾದ 1/60ಕ್ಕಿಂತ ಮೇಲೆ ಈ ಎಣಿಕೆ ನಂಬಬೇಡಿ. ಅಲ್ಲಿ ಚೌಕಟ್ಟು ಒಟ್ಟಿಗೆ ತೆರೆಯದೆ ಎರಡು ಪರದೆಗಳ ನಡುವಿನ ಸೀಳು ಓಡುತ್ತಿರುತ್ತದೆ. 1/8 ಇದ್ದದ್ದು 1/6 ಆಗಿದ್ದರೂ ಚಿಂತೆಯಿಲ್ಲ, ನೆಗೆಟಿವ್ ಫಿಲ್ಮ್ ಒಂದು ಸ್ಟಾಪ್ (ಅಂದರೆ ಎರಡರಷ್ಟು) ಹೆಚ್ಚು ಬೆಳಕನ್ನು ಆರಾಮಾಗಿ ನುಂಗಿಕೊಳ್ಳುತ್ತದೆ. ಸ್ಲೈಡ್ ಫಿಲ್ಮ್ ಮಾತ್ರ ನುಂಗಲ್ಲ.

ಅಂಟು ಸ್ಪಂಜು ಕಂಡು ಹೆದರಬೇಡಿ, ಈ ವಯಸ್ಸಿನ ಎಲ್ಲ ಎಸ್‌ಎಲ್‌ಆರ್‌ಗೂ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಅದೇ ಗತಿ. ಬಿದಿರಿನ ಹಲ್ಲುಕಡ್ಡಿ, ಐಸೊಪ್ರೊಪೈಲ್ ಹಿಡಿದು ಕೆರೆದು ತೆಗೆಯಿರಿ. ಬಾಗಿಲ ಸಣ್ಣ ಸಂದಿಗೆ ಕಪ್ಪು ಉಲ್ಲನ್ ದಾರ ಕೂರಿಸಿದರೂ ಸಾಕು, ಹಿಂಜ್ ಪಕ್ಕಕ್ಕೆ ಸುಮಾರು 2 ಎಂಎಂ ಫೋಮ್. ಕನ್ನಡಿ ಬಡಿಯುವ ಜಾಗದ ಫೋಮ್ ತೆಗೆಯುವಾಗ ಫೋಕಸಿಂಗ್ ಸ್ಕ್ರೀನಿನ (ನೋಡುಗಿಂಡಿಯ ಚಿತ್ರ ಮೂಡುವ ಫಲಕ) ಮೇಲೆ ಕಾಗದ ಮುಚ್ಚಿಕೊಳ್ಳಿ. ಕರಗಿದ ಕಪ್ಪು ಅಂಟು ಅಲ್ಲಿಗೆ ಇಳಿದರೆ ಮತ್ತೆ ಹೋಗದು. ಷಟರ್ ಪರದೆಗೆ ಬೆರಳು ತಾಗಿಸಲೇಬೇಡಿ.

ನೆರಳು_ಬೆಳಕು
ಲೆನ್ಸ್ ಬಗ್ಗೆ ನಾನು ಹೇಳ್ತೀನಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಅಂಚಿನ ನಾಲ್ಕೆಳೆ ಫಂಗಸ್ಸಿನಿಂದ ಚಿತ್ರಕ್ಕೆ ಏನೂ ಆಗಲ್ಲ. ನಡುವೆ ಮಬ್ಬು ಕವಿದಿದ್ದರೆ ಬೆಳಕಿಗೆ ಎದುರಾಗಿ ತೆಗೆದದ್ದೆಲ್ಲ ಬಿಳಿಚಿಕೊಳ್ಳುತ್ತೆ. ಈ ಲೆನ್ಸಿನ ಅದೃಷ್ಟ ಅಂದ್ರೆ 5 ಗಾಜು, 5 ಗುಂಪು, ಅಂಟಿಸಿದ ಜೋಡಿ ಒಂದೂ ಇಲ್ಲ. ಹಾಗಾಗಿ ಬಿಚ್ಚಿದರೆ ಎಲ್ಲ ಮೈಯೂ ಒರೆಸಲು ಸಿಗುತ್ತೆ. ಆದರೆ ಫಂಗಸ್ ಕೋಟಿಂಗನ್ನು ತಿಂದಿದ್ದರೆ ಒರೆಸಿದ ಮೇಲೂ ಗುರುತು ಉಳಿಯುತ್ತೆ. ಎಫ್/16ಕ್ಕೆ ಇಟ್ಟು ಹಿಂದಿನ ಲಿವರ್ ಆಡಿಸಿ: ಅಪರ್ಚರಿನ ಎಲೆಗಳು ಚಟಕ್ ಅಂತ ಮುಚ್ಚಬೇಕು. ತೂಕಡಿಸಿದರೆ ಎಣ್ಣೆ ಹತ್ತಿದೆ.

ಕರಾವಳಿಯಲ್ಲಿ ಆಮೇಲಿನ ಜೋಪಾನವೇ ದೊಡ್ಡ ಕೆಲಸ. ಚರ್ಮದ ಹಳೇ ಕೇಸ್ ಎಸೆದುಬಿಡಿ, ಅದರಷ್ಟು ತೇವ ಹಿಡಿದಿಡೋದು ಬೇರೆ ಇಲ್ಲ. ಗಾಳಿಯಾಡದ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಚಿಕ್ಕದೊಂದು ತೇವಮಾಪಕ. ಶೇ. 40ರಿಂದ 50ರ ನಡುವೆ ಇರಲಿ. ಒಣಗಿಸೋಣ ಅಂತ ತೀರಾ ಕೆಳಗಿಳಿಸಬೇಡಿ.

ರೇಂಜ್‌ಫೈಂಡರ್_ರಾಯ
ಎಲೆಕ್ಟ್ರೋ 35ರ ಪರ ಒಂದು ಮಾತು. 45 ಎಂಎಂ ಎಫ್/1.7 ಲೆನ್ಸ್ ಸೊಗಸು, ಅಪರ್ಚರ್ ನೀವಿಟ್ಟರೆ ವೇಗ ಅದೇ ಆರಿಸಿಕೊಳ್ಳುತ್ತದೆ. ಮೂಲ ಸೆಲ್ 5.6 ವೋಲ್ಟಿನ ಪಾದರಸದ್ದು, ಈಗಿಲ್ಲ. 6 ವೋಲ್ಟಿನ 4ಎಲ್‌ಆರ್44ಗೆ ಅಡಾಪ್ಟರ್ ಹಾಕಿದರೆ ನಡೆಯುತ್ತದೆ. ಫಿಲ್ಮ್ ಮುಂದೂಡುವ ಲಿವರ್ ಎಳೆದಾಗ ಒಳಗೆ "ಟಕ್" ಅಂತ ಕೇಳಬೇಕು. ಕೇಳದಿದ್ದರೆ ಒಳಗಿನ ಪುಟ್ಟ ರಬ್ಬರ್ ಪ್ಯಾಡ್ ಕರಗಿದೆ, ಎಕ್ಸ್‌ಪೋಷರ್ ನಂಬುವ ಹಾಗಿಲ್ಲ.

ಬಟ್ಟೆ_ಷಟರ್
ಒಪ್ಪಿದೆ, ಆದರೆ ಸೆಲ್ ಸತ್ತರೆ ಅದರಲ್ಲಿ ಉಳಿಯೋದು 1/500 ಒಂದೇ. ಸೆಲ್ ಹಾಕಿ ನೋಡದ ಎಲೆಕ್ಟ್ರೋಗೆ ಕೆಟ್ಟಿದೆ ಅಂತಲೇ ಲೆಕ್ಕಹಾಕಿ ಬೆಲೆ ಕಟ್ಟಿ. ಕಲಿಯುವವರಿಗೆ ನನ್ನ ಓಟು ಕೆ1000ಕ್ಕೇ.

ಕಡಲತಡಿ_35
ಕೆ1000ದ ಮೀಟರ್ ಏಳದೇ ಹೋದರೆ ಬೆಳಕು ಅಳೆಯೋದು ಹೇಗೆ? ಮೊದಲ ರೋಲ್ ಯಾವುದು?

ನೆರಳು_ಬೆಳಕು
ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸಂಖ್ಯೆ) 400 ಫಿಲ್ಮಿಗೆ ವೇಗ 1/500ರಲ್ಲೇ ಇಡಿ. ನೆರಳು ಗಡಸಾಗಿ ಬೀಳುವ ಬಿಸಿಲಿಗೆ ಎಫ್/16, ನೆರಳಿನ ಅಂಚು ಮೆತ್ತಗಿದ್ದರೆ 11, ನೆರಳೇ ಬೀಳದ ಮೋಡಕ್ಕೆ 8, ದಟ್ಟ ಮೋಡಕ್ಕೆ 5.6. ಮಲ್ಪೆ ಮರಳಿನ ಮೇಲೆ ನಡು ಮಧ್ಯಾಹ್ನವಾದರೆ 22. ಅನುಮಾನ ಬಂದರೆ ಹೆಚ್ಚು ಬೆಳಕಿನ ಕಡೆಗೇ, ಅಂದ್ರೆ ಚಿಕ್ಕ ಎಫ್ ಸಂಖ್ಯೆಯ ಕಡೆಗೇ ವಾಲಿ. ಮನೆಯೊಳಗೆ ಮೊಬೈಲಿನ ಮೀಟರ್ ಆ್ಯಪ್ ಬಳಸಿ.

ಮೊದಲ ರೋಲಿಗೆ ಇಲ್ಫರ್ಡ್ ಎಕ್ಸ್‌ಪಿ2 ಸೂಪರ್ ನೋಡಿ. ಕಪ್ಪು-ಬಿಳುಪೇ, ಆದರೆ ಕಲರ್ ಫಿಲ್ಮಿನ ಸಿ-41 ರಾಸಾಯನಿಕದಲ್ಲೇ ತೊಳೆಯಬಹುದು. ಮನೆಯಲ್ಲೇ ತೊಳೆಯುವ ಆಸೆಯಿದ್ದರೆ ಇಲ್ಫರ್ಡಿನದೇ ಎಚ್‌ಪಿ5 ಪ್ಲಸ್ ಫಿಲ್ಮ್, ಐಡಿ-11 ಡೆವಲಪರ್ 1+1ರಲ್ಲಿ (ಅಷ್ಟೇ ನೀರು ಬೆರೆಸಿ) 20 ಡಿಗ್ರಿಗೆ 13 ನಿಮಿಷ. ನಮ್ಮ ನಲ್ಲಿ ನೀರು ಅಷ್ಟು ತಣ್ಣಗಿರಲ್ಲ, ಬಾಟಲಿಯನ್ನು ಐಸ್ ನೀರಿನ ಬಕೆಟ್ಟಲ್ಲಿಟ್ಟು ಇಳಿಸಿ. 24ಕ್ಕೇ ನಿಂತರೆ ಸುಮಾರು 9 ನಿಮಿಷ.

ಬಟ್ಟೆ_ಷಟರ್
ಇನ್ನೊಂದು: ಫಿಲ್ಮ್ ಹಾಕಿದ ಮೇಲೆ ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಬ್ಬಿ ತಿರುಗಬೇಕು. ಫ್ರೇಮಿನ ಎಣಿಕೆಯನ್ನು ನೆಚ್ಚಬೇಡಿ, ಅದು ಫಿಲ್ಮ್ ಹಲ್ಲಿಗೆ ಸಿಗದಿದ್ದರೂ 36ರವರೆಗೆ ಓಡುತ್ತದೆ. ಮೀಟರಿಗೆ ಸ್ವಿಚ್ ಇಲ್ಲ, ಬಳಸದಾಗ ಲೆನ್ಸ್ ಕ್ಯಾಪ್ ಹಾಕಿಡಿ, ಇಲ್ಲದಿದ್ದರೆ ಹೊಸ ಸೆಲ್ ಕಪಾಟಿನಲ್ಲೇ ಖಾಲಿ.