ಕೆಮಿಕಲ್ ಕಾರ್ಖಾನೆ ಸೇರಿದ ತಮ್ಮ ಮೊದಲು ಏನು ಕಲಿಯಬೇಕು?

ಪ್ರಶ್ನೆ (ಡೊಂಬಿವಲಿಯಿಂದ):
ನಮಸ್ಕಾರ ಸರ್. ನನ್ನ ತಮ್ಮ ಧಾರವಾಡದಲ್ಲಿ ಬಿಎಸ್ಸಿ ಮುಗಿಸಿ ಇಲ್ಲಿ ಎಂಐಡಿಸಿಯ (ಸರ್ಕಾರಿ ಕೈಗಾರಿಕಾ ವಲಯದ) ಕಾರ್ಖಾನೆಯೊಂದಕ್ಕೆ ಟ್ರೈನಿಯಾಗಿ ಸೇರಿದ್ದಾನೆ. ದಿನವಿಡೀ ಟೊಲುಯಿನ್, ಮೆಥನಾಲ್ ಅನ್ನುವ ದ್ರಾವಕಗಳ ಡ್ರಮ್‌ಗಳ ನಡುವೆ ಕೆಲಸ. ಸಂಜೆ ತಲೆನೋವು ಅನ್ನುತ್ತಾನೆ. "ಮೂಗಿಗೆ ಅಭ್ಯಾಸ ಆಗುತ್ತೆ ಬಿಡು" ಅಂತ ಜೊತೆಯವರು ಹೇಳುತ್ತಾರಂತೆ. ವಿಷದ ವಿಷಯ ಅವನು ಎಲ್ಲಿಂದ ಕಲಿಯಲು ಶುರು ಮಾಡಬೇಕು?

ಉತ್ತರ (ತಳೋಜದಲ್ಲಿ ಸೇಫ್ಟಿ ಆಫೀಸರ್ ಆಗಿದ್ದು ನಿವೃತ್ತ):
ನೋಡಮ್ಮ, ಮೊದಲು ತಲೆನೋವಿನ ಮಾತು. ಅದನ್ನು ನಾಳೆಯೇ ಸೂಪರ್‌ವೈಸರ್‌ಗೂ ಡಾಕ್ಟರಿಗೂ ಹೇಳಲಿ. ಟೊಲುಯಿನ್ ಆವಿ ಮೆದುಳು, ನರಗಳ ಮೇಲೆ ಕೆಲಸ ಮಾಡುತ್ತದೆ. ತಲೆನೋವು, ತಲೆಸುತ್ತು ಅದರ ಮೊದಲ ಸೂಚನೆಗಳು.

ಮೂಗಿಗೆ ಅಭ್ಯಾಸ ಆಗುತ್ತದೆ, ಹೌದು. ಮೈಗೆ ಆಗುವುದಿಲ್ಲ. ನಾನೂ ಟ್ರೈನಿಯಾಗಿದ್ದಾಗ ಒಂದು ಪಿಟ್ ಹತ್ತಿರ ಕೊಳೆತ ಮೊಟ್ಟೆ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಹೋಯಿತು. ಗಾಳಿ ಸರಿಯಾಯಿತು ಅಂದುಕೊಂಡು ಅಲ್ಲೇ ನಿಂತೆ. ಹಳೆಯ ಆಪರೇಟರ್ ಒಬ್ಬರು ಬೈಯುತ್ತ ಕಾಲರ್ ಹಿಡಿದು ಎಳೆದೊಯ್ದರು. ಅದು ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಗಾಳಿ. ಗಾಳಿಯಲ್ಲಿ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಗೆ 100 ಭಾಗ) ದಾಟಿದರೆ ವಾಸನೆ ಹಿಡಿಯುವ ನರವೇ ಸುಮ್ಮನಾಗುತ್ತದೆ. ಆ ಬೈಗುಳ ಇನ್ನೂ ಕಿವಿಯಲ್ಲಿದೆ.

ಇನ್ನು ಪಾಠ. ನಮ್ಮಲ್ಲಿ "ಅತಿಯಾದರೆ ಅಮೃತವೂ ವಿಷ" ಅನ್ನುತ್ತಾರಲ್ಲ, 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಹೇಳಿದ್ದೂ ಅದನ್ನೇ. ಪ್ರಮಾಣವೇ ವಿಷ. ಇದನ್ನು ಅಳೆಯಲು ಎಲ್‌ಡಿ50 ಅಂತ ಒಂದು ಅಂಕಿ ಇದೆ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ. ಇಲಿಗೆ ತಿನ್ನಿಸಿದಾಗ, ಮೈತೂಕದ ಕೆಜಿಗೆ ಉಪ್ಪು ಸುಮಾರು 3000 ಮಿಲಿಗ್ರಾಂ, ಕೆಫೀನ್ ಸುಮಾರು 200. ಅಂಕಿ ಚಿಕ್ಕದಾದಷ್ಟೂ ವಿಷ ಜೋರು. ಆದರೆ ಇದು ಒಂದೇ ಸಲ ಒಳಹೋದ ಲೆಕ್ಕ. ಬೆಂಜೀನ್‌ನಂಥದ್ದು ದಿನಾ ಸ್ವಲ್ಪ ಸ್ವಲ್ಪ ಸೇರಿ ವರ್ಷಗಳ ನಂತರ ರಕ್ತದ ಕ್ಯಾನ್ಸರ್ ತರಬಹುದು. ಅದು ಈ ಅಂಕಿಯಲ್ಲಿ ಕಾಣುವುದಿಲ್ಲ.

ಮೆಥನಾಲ್ ಕಥೆ ಬೇರೆ. ಅದು ಹೊಟ್ಟೆಗೆ ಹೋದರೆ ಲಿವರ್ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ. ಕಣ್ಣು ಹೋಗುವುದು ಅದರಿಂದ. 2015ರಲ್ಲಿ ಮುಂಬೈಯ ಮಾಲ್ವಣಿಯಲ್ಲಿ ಕಳ್ಳಭಟ್ಟಿ ಕುಡಿದು 100ಕ್ಕೂ ಹೆಚ್ಚು ಜನ ಸತ್ತರಲ್ಲ, ಅದೂ ಮೆಥನಾಲೇ. ಚರ್ಮದಿಂದಲೂ ಒಳಗೆ ಹೋಗುತ್ತದೆ, ಬರಿಗೈಲಿ ಮುಟ್ಟುವುದು ಬೇಡ.

ಪುಸ್ತಕ ಆಮೇಲೆ. ತಾನು ಮುಟ್ಟುವ ಪ್ರತಿ ಡ್ರಮ್ಮಿನ ಸುರಕ್ಷತಾ ಮಾಹಿತಿ ಪತ್ರ, ಅಂದರೆ ಎಂಎಸ್‌ಡಿಎಸ್ ಕೇಳಿ ಓದಲಿ. 16 ಭಾಗ ಇರುತ್ತವೆ. 2ರಲ್ಲಿ ಅಪಾಯ, 4ರಲ್ಲಿ ಪ್ರಥಮ ಚಿಕಿತ್ಸೆ, 8ರಲ್ಲಿ ಯಾವ ಗ್ಲೌಸ್, ಯಾವ ಮಾಸ್ಕ್. ಈ ಮೂರು ಸಾಕು ಶುರುವಿಗೆ.

ಪ್ರಶ್ನೆ (ಮಾಟುಂಗಾದಿಂದ):
ಸರ್, ನಮ್ಮ ಹೋಟೆಲಿನ ಹುಡುಗರು ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಟಾಯ್ಲೆಟ್ಟಿಗೆ ಆ್ಯಸಿಡ್, ಬ್ಲೀಚಿಂಗ್ ಎರಡೂ ಸೇರಿಸಿ ಹಾಕುತ್ತಾರೆ. ಜಾಸ್ತಿ ಬೆಳ್ಳಗಾಗುತ್ತದಂತೆ.

ಉತ್ತರ:
ಅಯ್ಯೋ, ಇವತ್ತೇ ನಿಲ್ಲಿಸಿ! ಎರಡೂ ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ. ಅದು ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಹುಡುಗ ಬಗ್ಗಿ ಉಜ್ಜುವುದೂ ಅಲ್ಲೇ, ಅಲ್ವಾ? ಬಟ್ಟೆ ಮಾಸ್ಕ್ ಧೂಳನ್ನೇ ಸರಿಯಾಗಿ ತಡೆಯುವುದಿಲ್ಲ, ಗ್ಯಾಸನ್ನು ಎಲ್ಲಿ ತಡೆದೀತು? ಯಾರಿಗಾದರೂ ಕೆಮ್ಮು ಶುರುವಾದರೆ ತೊಳೆಯುತ್ತ ನಿಲ್ಲದೆ ಹೊರಗೆ ಬರಲಿ. ಉಸಿರು ಕಟ್ಟಿದರೆ ಸೀದಾ ಆಸ್ಪತ್ರೆ. ಮತ್ತೆ ಎರಡು ಬಾಟಲಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ.