ಆಷಾಢದ ಗಾಳಿಗೆ ದುಡ್ಡು ಕೊಟ್ಟವನು

ಸೀನ ನನ್ನ ಮೊಬೈಲ್ ಹಿಡಿದು ಇಪ್ಪತ್ತನೇ ಫೋಟೋ ತಳ್ಳಿದ. "ಇದರಲ್ಲಿ ನೀನೆಲ್ಲೋ?"

"ಅಲ್ಲಿ ಬಿಳಿ ನೊರೆ ಕಾಣುತ್ತಾ? ಅದರ ಕೆಳಗೆ."

"ಇದರಲ್ಲಿ?"

"ಕೈ ಕಾಣಿಸ್ತಿದೆಯಲ್ಲ, ಅದು ನಂದೇ."

ಭಾನುವಾರ ಬೆಳಿಗ್ಗೆ, ಗಾಂಧಿ ಬಜಾರಿನ ನಮ್ಮ ಮಾಮೂಲಿ ಹೋಟೆಲು, ನಾಲ್ಕು ಜನಕ್ಕೆ ಎರಡು ಬೈಟು. ಮಾರಿಷಸ್‌ಗೆ ಹೋಗಿ ವಿಂಡ್‌ಸರ್ಫಿಂಗ್ ಕಲಿತು ಬಂದೆ ಅಂತ ಗ್ರೂಪಿನಲ್ಲಿ ಹಾಕಿದ್ದೇ ತಪ್ಪಾಯಿತು. ಈಗ ಎಲ್ಲರಿಗೂ ಸಾಕ್ಷಿ ಬೇಕು. ಫೋಟೋ ತೆಗೆದವಳು ನನ್ನ ಹೆಂಡತಿ. ನೂರ ನಲವತ್ತರಲ್ಲಿ ನಾನು ನಿಂತಿರುವುದು ಒಂದರಲ್ಲಿ ಮಾತ್ರ. ಅದೂ ಮರಳಿನ ಮೇಲೆ.

"ಮೊದಲು ಅದೇನು ಅಂತ ಬಿಡಿಸಿ ಹೇಳಪ್ಪ," ಎಂದ ಮಂಜ.

ಹೇಳಿದೆ. ಒಂದು ಹಲಗೆ, ಅದರ ಮೇಲೆ ಕಂಬ, ಕಂಬಕ್ಕೆ ಹಾಯಿ. ಕಂಬದ ಬುಡದಲ್ಲಿ ಎತ್ತ ಬೇಕಾದರೂ ಬಾಗುವ ಕೀಲು. ಹಾಯಿದೋಣಿಯಲ್ಲಿ ಕಂಬ ನೆಟ್ಟಗೆ ನಿಂತಿರುತ್ತದೆ, ತಿರುಗಿಸಲು ಚುಕ್ಕಾಣಿ ಇರುತ್ತದೆ. ಇಲ್ಲಿ ಎರಡೂ ನಾವೇ. ಹಾಯಿ ಮುಂದಕ್ಕೆ ವಾಲಿಸಿದರೆ ಹಲಗೆ ಗಾಳಿಯಿಂದ ಆಚೆ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ.

"ನೆಟ್ಟಗೆ ಹಿಡಿದರೆ?"

"ಅಷ್ಟು ಹೊತ್ತು ನಾನು ಮೇಲಿದ್ದರೆ ತಾನೇ!" ಮರ್ಯಾದೆ ಉಳಿಯಲಿ ಅಂತ ಸೇರಿಸಿದೆ, "1984ರಿಂದ ಒಲಿಂಪಿಕ್ಸ್‌ನಲ್ಲೂ ಇದೆ ಕಣೋ."

"ಓಟಾನೂ ಇದೆ," ಎಂದ ಸೀನ. "ಹಾಗಂತ ಬಸ್ಸಿಗೆ ಓಡಿದವನು ಫೋಟೋ ಹಾಕ್ತಾನಾ?"

ನಿಜವಾದ ಕಷ್ಟ ಹಾಯಿ ಎತ್ತುವುದರಲ್ಲಿದೆ. ಪ್ರತಿ ಸಲ ಬಿದ್ದಾಗಲೂ ಹಾಯಿ ನೀರಿನ ಮೇಲೆ ಅಂಗಾತ ಮಲಗಿಬಿಡುತ್ತದೆ. ಮೇಲೆ ನೀರು ತುಂಬಿಕೊಂಡು ನೆನೆದ ಕಂಬಳಿಯಷ್ಟು ಭಾರ. ಹಲಗೆ ಹತ್ತಿ, ಮಂಡಿ ಬಗ್ಗಿಸಿ, ಹಿಂದಕ್ಕೆ ವಾಲಿ, ಹಗ್ಗವನ್ನು ಒಂದೊಂದೇ ಗಂಟು ಹಿಡಿದು ಎಳೆಯಬೇಕು. ಮೊದಲು ಒಂದು ಮೂಲೆ ಮಾತ್ರ ಏಳುತ್ತದೆ. ನೀರು ಸೊರಸೊರ ಇಳಿಯುವವರೆಗೆ ಕಾಯಬೇಕು. ಆಮೇಲೆ ಇದ್ದಕ್ಕಿದ್ದ ಹಾಗೆ ಹಗುರ. ಆ ಹಗುರಕ್ಕೆ ಸಿದ್ಧವಿಲ್ಲದವನು ಹಿಂದಕ್ಕೆ ದಬಕ್ಕನೆ.

"ಬಾವಿ ನೀರು ಸೇದಿದ ಹಾಗೆ," ಎಂದರು ಮೇಷ್ಟ್ರು. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರು, ಊರಲ್ಲಿ ನೀರು ಸೇದಿದವರು.

"ಹೌದು ಮೇಷ್ಟ್ರೇ. ಆದರೆ ನಿಮ್ಮ ಬಾವಿಕಟ್ಟೆ ಅಲುಗಾಡ್ತಿರಲಿಲ್ಲ."

ಸೀನ ಅಷ್ಟರಲ್ಲಿ ಬಿಲ್ಲಿನ ಹಿಂದೆ ಲೆಕ್ಕ ಹಾಕುತ್ತಿದ್ದ. ಐದು ದಿನ, ದಿನಕ್ಕೆ ನಲವತ್ತು ಬೀಳು, ತರಬೇತಿಯ ಫೀಸು ಇಷ್ಟು. "ಒಂದು ಸಲ ಬೀಳೋಕೆ ನೂರೈವತ್ತು ರೂಪಾಯಿ! ಡಿವಿಜಿ ರಸ್ತೆ ಫುಟ್‌ಪಾತಲ್ಲಿ ಪುಕ್ಕಟೆ ಬೀಳಬಹುದಿತ್ತಲ್ಲೋ."

ನಾನು ಮಾತು ತಿರುಗಿಸಿದೆ. ದ್ವೀಪದ ನೈಋತ್ಯ ಮೂಲೆಯಲ್ಲಿ ಲೆ ಮೋರ್ನ್ ಅಂತ ಬೆಟ್ಟ, ಕಡಲ ಪಕ್ಕದಲ್ಲೇ 556 ಮೀಟರ್ ಎದ್ದು ನಿಂತಿದೆ. ತಪ್ಪಿಸಿಕೊಂಡ ಗುಲಾಮರು ಅಲ್ಲಿ ಅಡಗಿದ್ದರಂತೆ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬಿದ್ದೆದ್ದು ಕಣ್ಣೊರೆಸಿಕೊಂಡಾಗಲೆಲ್ಲ ಮೊದಲು ಕಾಣುತ್ತಿದ್ದದ್ದು ಅದೇ. ಬೆಟ್ಟದ ಮುಂದೆ ಹವಳದ ದಂಡೆ, ದಂಡೆಯೊಳಗೆ ಸೊಂಟದ ಮಟ್ಟದ ತಿಳಿನೀರು. ದಂಡೆಯಾಚೆ 'ಒನ್ ಐ' ಅನ್ನೋ ಅಲೆ. ಜಗತ್ತಿನ ಹುಲಿಗಳೆಲ್ಲ ಅದಕ್ಕೇ ಬರುತ್ತಾರೆ. ನನ್ನಂಥವರು ಆ ಕಡೆ ತಲೆ ಹಾಕಿಯೂ ಮಲಗಬಾರದು.

"ಊಟ?" ಮಂಜನಿಗೆ ಅದೇ ಮುಖ್ಯ.

"ಧೋಲ್ ಪುರಿ. ಬೇಳೆ ಹೂರಣ ತುಂಬಿದ ತೆಳು ರೊಟ್ಟಿ, ಮೇಲೆ ಪಲ್ಯ, ಚಟ್ನಿ."

"ಬೆಲ್ಲ ಮರೆತ ಒಬ್ಬಟ್ಟು ಅನ್ನು."

ಇನ್ನೊಂದು ತಾಪತ್ರಯ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗುವಂತಿಲ್ಲ. ಸುಮಾರು 45 ಡಿಗ್ರಿ ಓರೆಯಲ್ಲಿ ಆ ಕಡೆ ಹೋಗಿ, ತಿರುಗಿ, ಮತ್ತೆ ಈ ಕಡೆ. ಮಂಜ ನಕ್ಕ: "ನಮ್ಮ ಒನ್‌ವೇ ಥರಾನೇ. ಎದುರಿಗೆ ಕಾಣೋ ಅಂಗಡಿಗೆ ಎರಡು ಕಿಲೋಮೀಟರ್ ಸುತ್ತು." ನನಗೆ ಆ ತಿರುಗುವುದೇ ಬರಲಿಲ್ಲ. ಗಾಳಿ ತಳ್ಳಿದಲ್ಲಿಗೆ ಹೋಗಿ, ಪೆಟ್ರೋಲ್ ಮುಗಿದ ಸ್ಕೂಟರ್ ತಳ್ಳಿದ ಹಾಗೆ ಹಲಗೆ ಎಳೆದುಕೊಂಡು ನೀರಲ್ಲಿ ನಡೆದು ಬರುತ್ತಿದ್ದೆ.

ಕಲಿಸುವ ಹುಡುಗ ಬೊಬ್ಬೆ ಹಾಕುತ್ತಿದ್ದದ್ದು ಒಂದೇ ಮಾತು: "ಬಿಡಿ, ಬಿಡಿ!" ಗಾಳಿ ಜೋರಾದಾಗ ನಮ್ಮ ಕೈ ತಾನಾಗಿ ಬಿಗಿಯಾಗುತ್ತದೆ. ಹಿಂದಿನ ಕೈ ಬಿಟ್ಟರೆ ಸಾಕು, ಹಾಯಿಯ ಗಾಳಿಯೆಲ್ಲ ಖಾಲಿ. ಐದನೇ ದಿನ ಒಮ್ಮೆ ಬಿಟ್ಟು ಹಿಡಿದೆ. ಹತ್ತು ಹನ್ನೆರಡು ಸೆಕೆಂಡು ಇರಬಹುದು. ಹಲಗೆಯ ಕೆಳಗೆ ನೀರು ಟಪಟಪ ಅಂದಿತು, ಬೆಟ್ಟ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಹೆಂಡತಿ ಆಗ ಎಳನೀರು ತರಲು ಹೋಗಿದ್ದಳು.

ಯಾರೂ ನಂಬಲಿಲ್ಲ.

"ಯಾವ ದಿಕ್ಕಿನ ಗಾಳಿ?" ಮೇಷ್ಟ್ರು ಕೇಳಿದರು.

"ಆಗ್ನೇಯದ್ದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಚೆನ್ನಾಗಿ ಬೀಸುತ್ತೆ. ಅಲ್ಲಿಗೆ ಅದು ಚಳಿಗಾಲ."

ಮೇಷ್ಟ್ರಿಗೆ ಹುರುಪು ಬಂತು. ಮಂಜನ ತಟ್ಟೆ ಎಳೆದುಕೊಂಡರು. ಇಡ್ಲಿ ಮಾರಿಷಸ್, ವಡೆ ಬೆಂಗಳೂರು, ನಡುವೆ ಚಮಚ ಅಡ್ಡ ಇಟ್ಟರೆ ಸಮಭಾಜಕ. ಇಡ್ಲಿಯ ಕೆಳಗೆ ಮಸ್ಕರೇನ್ ಎಂಬ ಅಧಿಕ ಒತ್ತಡದ ಪ್ರದೇಶ. ಅಲ್ಲಿಂದ ಹೊರಟ ಗಾಳಿ ಚಮಚ ದಾಟುತ್ತದೆ. ಭೂಮಿ ತಿರುಗುವುದರಿಂದ ಬಲಕ್ಕೆ ಹೊರಳುತ್ತದೆ. "ಅದೇ ಕಣಯ್ಯ ನಮ್ಮ ನೈಋತ್ಯ ಮುಂಗಾರು," ಎಂದು ಸಾಂಬಾರಿನ ಗೆರೆಯನ್ನು ವಡೆಗೆ ಮುಟ್ಟಿಸಿದರು. ತಿನ್ನುವ ವಡೆ ಭೂಪಟವಾದದ್ದನ್ನು ಮಂಜ ನೋಡುತ್ತಾ ಕೂತ.

ಸೀನ ಪೆನ್ನು ಕೆಳಗಿಟ್ಟ. "ಅಂದರೆ ಇವನನ್ನು ಅಲ್ಲಿ ಕೆಡವಿದ ಗಾಳಿ, ಆಮೇಲೆ ಇಲ್ಲಿಗೇ ಬರುತ್ತಾ?"

"ಅದೇ ಬಳಗ."

"ಸ್ವಲ್ಪ ಕಾದಿದ್ದರೆ ಮನೆ ಬಾಗಿಲಿಗೇ ಬಂದು ಕೆಡವುತ್ತಿತ್ತು!"

ಹೊರಗೆ ಬಂದೆವು. ಆಷಾಢ, ಸಣ್ಣ ಹನಿ. ಸೀನ ಕೊಡೆ ಬಿಚ್ಚಿದ್ದೇ ತಡ, ಗಾಳಿ ಒಳಗೆ ನುಗ್ಗಿ ಅದನ್ನು ಬೋಗುಣಿ ಮಾಡಿತು. ಎರಡೂ ಕೈಯಲ್ಲಿ ಹಿಡಿದವನು ಹೂವಿನವಳ ಬುಟ್ಟಿಯ ಕಡೆಗೆ ಓಡತೊಡಗಿದ.

"ಬಿಡೋ ಸೀನ, ಬಿಡೋ!" ಕೂಗಿದೆ.

ಸೇವಂತಿಗೆಯ ರಾಶಿಯಿಂದ ಉತ್ತರ ಬಂತು: "ಮುನ್ನೂರು ರೂಪಾಯಿ ಕೊಡೆ ಕಣೋ, ಹ್ಯಾಗೆ ಬಿಡಲಿ!"