ಕೆಳಗಿನ ಬಚ್ಚಲಿಗೆ ಸುಡುವ ನೀರು, ಮೇಲಿನದಕ್ಕೆ ಉಗುರುಬೆಚ್ಚಗೆ: ಸೋಲಾರ್‌ಗೆ ಏನಾಗಿದೆ?

ಪ್ರಶ್ನೆ, ಚಿಂತಾಮಣಿಯಿಂದ

ಎರಡಂತಸ್ತಿನ ಮನೆ. 200 ಲೀಟರ್ ಸೋಲಾರ್, 20 ಗಾಜಿನ ಟ್ಯೂಬು, ಆರು ವರ್ಷ ಹಳೆಯದು, ಬೋರ್ ನೀರು. ಬೆಳಿಗ್ಗೆ ಕೆಳಗಿನ ಬಚ್ಚಲಿಗೆ ಚೆನ್ನಾಗಿ ಬಿಸಿನೀರು ಬರುತ್ತೆ. ಮೇಲೆ ಉಗುರುಬೆಚ್ಚಗೆ, ಕೆಲವೊಮ್ಮೆ ಪೂರ್ತಿ ತಣ್ಣಗೆ. ಮೇಲಿನ ಶವರ್‌ಗೆ ಫೋರ್ಸ್ ಸಾಲದು ಅಂತ ತಣ್ಣೀರಿನ ಲೈನಿಗೆ ಪ್ರೆಷರ್ ಪಂಪ್ ಹಾಕಿಸಿದ್ದೇವೆ. ಒಟ್ಟಾರೆ ಬಿಸಿಯೂ ಮೊದಲಿನಷ್ಟಿಲ್ಲ. ರಿಪೇರಿಗೆ ಬಂದವರು ಟ್ಯಾಂಕೇ ಬದಲಿಸಿ ಅಂತಾರೆ. ಅದಕ್ಕೂ ಮೊದಲು ಏನೇನು ನೋಡಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ.

ಕೋಲಾರ, ಪ್ಲಂಬಿಂಗ್

ಟ್ಯಾಂಕಿಗೆ ಕೈ ಹಾಕಬೇಡಿ ಸರ್. ಟ್ಯಾಂಕ್ ಒಂದೇ, ಅದರಿಂದ ಇಳಿಯುವ ಬಿಸಿ ಪೈಪೂ ಒಂದೇ. ದೂರದ ಕೆಳಗಿನ ಬಚ್ಚಲಿಗೆ ಬಿಸಿ ಬಂದು ಹತ್ತಿರದ ಮೇಲಿನದಕ್ಕೆ ಬರ್ತಿಲ್ಲ ಅಂದ್ರೆ ತೊಂದರೆ ಬಿಸಿನೀರು, ತಣ್ಣೀರು ಬೆರೆಸುವ ಮೇಲಿನ ಮಿಕ್ಸರ್‌ನಲ್ಲೇ ಇದೆ. ಪಂಪ್ ಹಾಕಿಸಿದ್ದೇವೆ ಅಂತ ನೀವೇ ಬರೆದಿದ್ದೀರಲ್ಲ, ಮೊದಲ ಅನುಮಾನ ಅದರ ಮೇಲೆ.

ಲೆಕ್ಕ ನೋಡಿ. ಸೋಲಾರ್ ಟ್ಯಾಂಕಿನಿಂದ ಶವರ್‌ಗೆ 10 ಅಡಿ ಇಳಿತ ಇದ್ದರೆ ಬಿಸಿನೀರಿನ ಒತ್ತಡ 0.3 ಬಾರ್ ಅಷ್ಟೇ. ಮನೆಗೆ ಹಾಕುವ ಸಣ್ಣ ಪಂಪು 1ರಿಂದ 2 ಬಾರ್ ಕೊಡುತ್ತೆ. ಮಿಕ್ಸರ್‌ನಲ್ಲಿ ಎರಡೂ ಸೇರುವ ಕಡೆ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳಿ ಬಿಸಿ ಪೈಪಿನೊಳಗೇ ಏರುತ್ತೆ. ಮೇಲೆ ಸ್ನಾನ ನಡೀತಿರುವಾಗ ಕೆಳಗಿನ ಬಿಸಿಯೂ ಏಕಾಏಕಿ ತಣ್ಣಗಾಗುತ್ತಾ ಗಮನಿಸಿ. ತಾರಸಿಗೆ ಹೋಗಿ ವೆಂಟ್ ಪೈಪಿನ (ಸೋಲಾರ್ ಟ್ಯಾಂಕಿನ ಗಾಳಿ ಪೈಪು) ಬಾಯಿ ನೋಡಿ: ಅಲ್ಲಿಂದ ನೀರು ಚೆಲ್ಲಿ ಕೆಳಗೆ ಉಪ್ಪಿನ ಬಿಳಿ ಗೆರೆ ಇಳಿದಿದ್ದರೆ ಇದೇ ಕಾರಣ.

ಖಚಿತ ಮಾಡಿಕೊಳ್ಳೋಕೆ ಕಾಸು ಖರ್ಚಿಲ್ಲದ ಪರೀಕ್ಷೆ ಇದೆ. ಸಿಂಟೆಕ್ಸ್‌ನಿಂದ ಸೋಲಾರ್‌ಗೆ ಹೋಗುವ ತಣ್ಣೀರಿನ ಗೇಟ್ ವಾಲ್ವ್ ಮುಚ್ಚಿ, ಕೆಳಗಿನ ಬಚ್ಚಲಿನ ಬಿಸಿ ನಲ್ಲಿ ತಿರುಗಿಸಿ. ಬಿಸಿನೀರು ಟ್ಯಾಂಕಿನ ಮೇಲ್ಭಾಗದಿಂದ ಹೊರಡೋದರಿಂದ ಪೈಪಿನಲ್ಲಿದ್ದಷ್ಟು ಸುರಿದು ನಿಂತುಬಿಡಬೇಕು. ನಿಲ್ಲದೆ ತಣ್ಣೀರು ಬರ್ತಾನೇ ಇದ್ದರೆ ಎಲ್ಲೋ ಒಂದು ಮಿಕ್ಸರ್ ಒಳಗೆ ಎರಡೂ ಲೈನ್ ಕೂಡಿವೆ. ಬಿಸಿ ನಲ್ಲಿ ಮಾತ್ರ ತಿರುಗಿಸಿದಾಗ ತಣ್ಣೀರಿನ ಪಂಪ್ ತಾನಾಗೇ ಶುರುವಾದರೆ ಬೇರೆ ಸಾಕ್ಷಿಯೇ ಬೇಡ. ಯಾವ ಮಿಕ್ಸರ್ ಅಂತ ಹುಡುಕೋಕೆ ಒಂದೊಂದೇ ಬಚ್ಚಲಿನ ತಣ್ಣೀರು ಬಂದ್ ಮಾಡುತ್ತಾ ಹೋಗಿ. ಹ್ಯಾಂಡ್ ಶವರ್‌ನ ಗುಂಡಿ ಬಿಟ್ಟು ನೀರು ನಿಲ್ಲಿಸಿ, ಗೋಡೆಯ ಎರಡೂ ನಲ್ಲಿ ತೆರೆದೇ ಬಿಡುವ ಅಭ್ಯಾಸ ಇದ್ದರೆ ಪಂಪ್ ಇಲ್ಲದ ಮನೆಯಲ್ಲೂ ಹೀಗಾಗುತ್ತೆ. ಒಂದೇ ಹಿಡಿಯ ಮಿಕ್ಸರ್ ಆದರೆ ಒಳಗೆ ನೀರು ಬೆರೆಸುವ ಕಾರ್ಟ್ರಿಜ್ ಸವೆದಿರಬಹುದು.

ಶಿಡ್ಲಘಟ್ಟ, ಸೋಲಾರ್ ಸರ್ವಿಸ್

ಮೇಲಿನವರು ಹೇಳಿದ್ದು ಸರಿ. ಆದರೆ "ಒಟ್ಟಾರೆ ಬಿಸಿ ಕಮ್ಮಿ" ಅನ್ನೋದು ಬೇರೆ ಕಾಯಿಲೆ, ಎರಡನ್ನೂ ಒಟ್ಟಿಗೆ ಗಂಟು ಹಾಕಬೇಡಿ. ಆರು ವರ್ಷ ಬೋರ್ ನೀರು ಕುಡಿದ ಟ್ಯೂಬಿನ ತಳದಲ್ಲಿ ಉಪ್ಪು ಕಟ್ಟದೇ ಇರಲ್ಲ. ಗಡುಸು ನೀರಿನ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ಕಾರ್ಬನೇಟ್ ಆಗಿ ಕೂರುತ್ತೆ. ನೀರು 60 ಡಿಗ್ರಿ ದಾಟಿದ ಮೇಲಂತೂ ಬೇಗ. ಕುಡಿಯುವ ನೀರಿಗೆ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ನಿಮ್ಮ ನೀರಿನ ವರದಿಯಲ್ಲಿ 600 ದಾಟಿದ್ದರೆ ವರ್ಷಕ್ಕೊಮ್ಮೆ ಟ್ಯೂಬ್ ತೊಳೆಯಲೇಬೇಕು.

ಬಿಚ್ಚುವ ಮೊದಲು ಕಣ್ಣಲ್ಲೇ ಸತ್ತ ಟ್ಯೂಬು ಹುಡುಕಿ. ತಳದ ತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಲೇಪ ಇರುತ್ತೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಎರಡು ಗಾಜಿನ ನಡುವಿನ ನಿರ್ವಾತ ಹೋಗಿದೆ, ತೊಳೆದು ಪ್ರಯೋಜನ ಇಲ್ಲ, ಬದಲಿಸಿ. ಬಿಸಿಲಲ್ಲಿ ಹೊರಗಾಜು ಮುಟ್ಟಿ ನೋಡಿದರೂ ತಿಳಿಯುತ್ತೆ: ಒಳ್ಳೆ ಟ್ಯೂಬು ಹೊರಗೆ ತಣ್ಣಗಿರುತ್ತೆ, ಕೆಟ್ಟದ್ದು ಬಿಸಿ. ಕೊಳ್ಳುವಾಗ ಅಳತೆ ಹಿಡ್ಕೊಂಡು ಹೋಗಿ. 58 ಮಿ.ಮೀ. ದಪ್ಪ, 1800 ಮಿ.ಮೀ. ಉದ್ದದ್ದು ಒಂದು ಬಗೆ. 47 ಮಿ.ಮೀ.ನದೂ ಇದೆ, ಅದು ಇದರ ರಿಂಗಿಗೆ ಕೂರಲ್ಲ.

ಕೆಲಸ ಬಿಸಿಲು ಏರುವ ಮೊದಲೇ. ತಣ್ಣೀರಿನ ವಾಲ್ವ್ ಮುಚ್ಚಿ, ಡ್ರೈನ್ ತೆಗೆದು ಟ್ಯಾಂಕ್ ಪೂರ್ತಿ ಖಾಲಿ ಮಾಡಿ. 58ರ ಟ್ಯೂಬಿನಲ್ಲಿ ಆಮೇಲೂ ಸುಮಾರು 3 ಲೀಟರ್ ನೀರು ನಿಂತಿರುತ್ತೆ, ಬೆಳಿಗ್ಗೆಯೂ ಕೈ ಸುಡುವಷ್ಟು ಬಿಸಿ ಇರಬಹುದು. ಕೈಗವಸು ಹಾಕಿ. ರಬ್ಬರ್ ರಿಂಗಿಗೆ ಸೋಪು ನೀರು ಬಿಟ್ಟು ಟ್ಯೂಬನ್ನು ತಿರುಗಿಸುತ್ತಾ ಒಂದಿಷ್ಟು ಮೇಲಕ್ಕೆ ಒತ್ತಿ, ತಳದಲ್ಲಿ ಟ್ಯೂಬು ಕೂರುವ ಬಟ್ಟಲಿನಿಂದ ಬಿಡಿಸಿ ಕೆಳಕ್ಕೆ ಎಳೆಯಿರಿ. ನೇರ ಎಳೆದರೆ ಬಾಯಿ ಒಡೆಯುತ್ತೆ. ರಿಂಗ್ ಗಟ್ಟಿಯಾಗಿದ್ದರೆ ಹೊಸದು ಹಾಕಿ.

ನೀರು ತುಂಬಿಸೋದು ತಡವಾಗಿ ಖಾಲಿ ಟ್ಯೂಬಿಗೆ ಬಿಸಿಲು ಬಿದ್ದರೆ ಒಳಗೆ 200 ಡಿಗ್ರಿ ದಾಟಿಬಿಡುತ್ತೆ. ಆಗ ತಣ್ಣೀರು ಬಿಟ್ಟರೆ ಸಾಲಾಗಿ ಸಿಡಿಯುತ್ತವೆ. ತಡವಾದರೆ ಟಾರ್ಪಾಲ್ ಹೊದಿಸಿ, ಮಾರನೇ ದಿನ ಬೆಳಕು ಹರಿಯುವ ಮೊದಲು ತುಂಬಿಸಿ.

ಮುಳಬಾಗಿಲು

ಉಪ್ಪು ಬಿಡಿಸೋಕೆ ಟಾಯ್ಲೆಟ್ ಆಸಿಡ್ ಸುರಿದರೆ ಹತ್ತು ನಿಮಿಷದ ಕೆಲಸ. ಇದಕ್ಕೆಲ್ಲ ಇಷ್ಟು ಯೋಚನೆ ಯಾಕೆ?

ಶಿಡ್ಲಘಟ್ಟ, ಸೋಲಾರ್ ಸರ್ವಿಸ್

ಬೇಡವೇ ಬೇಡ ಅಣ್ಣ. ಅದು ಹೈಡ್ರೋಕ್ಲೋರಿಕ್. ಗಾಜಿಗೆ ಏನೂ ಆಗಲ್ಲ, ಆದರೆ ಟ್ಯಾಂಕಿಗೆ ಸೇರಿದರೆ ಸ್ಟೀಲಿಗೆ, ಅದರಲ್ಲೂ ವೆಲ್ಡಿಂಗ್ ಜಾಗಕ್ಕೆ, ಸೂಜಿ ತೂತು ಬೀಳಿಸುತ್ತೆ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆಸಿಡ್ ಸಾಕು. ಲೀಟರಿಗೆ 60 ಗ್ರಾಂ, ಅಂದರೆ ಟ್ಯೂಬಿಗೆ ಸುಮಾರು 180 ಗ್ರಾಂ. ಮೊದಲು ಬರೀ ನೀರಲ್ಲಿ ಕುಲುಕಿ ಸಡಿಲ ಪುಡಿಯೆಲ್ಲ ಚೆಲ್ಲಿ, ಇಲ್ಲದಿದ್ದರೆ ಆಸಿಡ್ಡೆಲ್ಲ ಅದನ್ನು ಕರಗಿಸೋದಕ್ಕೇ ಮುಗಿಯುತ್ತೆ. ಉಗುರುಬೆಚ್ಚಗಿನ ದ್ರಾವಣ ತುಂಬಿ ನೆರಳಲ್ಲಿ ಎರಡು ಮೂರು ಗಂಟೆ ನಿಲ್ಲಿಸಿ. ಗುಳ್ಳೆ ನಿಂತರೆ ಒಂದೋ ಉಪ್ಪು ಮುಗಿದಿದೆ, ಇಲ್ಲವೇ ಆಸಿಡ್. ಉದ್ದ ಕೋಲಿಗೆ ಕಟ್ಟಿದ ನೈಲಾನ್ ಬ್ರಷ್ ಆಡಿಸಿ, ತಂತಿ ಬ್ರಷ್ ಬೇಡ. ಎರಡು ಸಲ ತೊಳೆದು ಹಾಕಿ.

ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಷಿಯಂ ರಾಡ್ ಇದ್ದರೆ ಅದನ್ನೂ ಇದೇ ವೇಳೆ ಬಿಚ್ಚಿ ನೋಡಿ. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ.

ಗೌರಿಬಿದನೂರು

ನೆರಳೂ ನೋಡಿ. ನಮ್ಮ ಕಡೆ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲೇ ಇರ್ತಾನೆ. ದಕ್ಷಿಣಕ್ಕೆ 8 ಅಡಿ ಎತ್ತರದ್ದು ಏನೇ ಇದ್ದರೂ 6 ಅಡಿ ನೆರಳು. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಪಕ್ಕದ ಮನೆಯವರು ಮೇಲೆ ಕಟ್ಟಿದ್ದರೆ ಟ್ಯೂಬ್ ತೊಳೆದು ಏನೂ ಸಿಗಲ್ಲ.

ತಿಪಟೂರು

ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್) ಪೈಪು ಮೀಟರಿಗೆ ಕಾಲು ಲೀಟರ್ ಹಿಡಿಯುತ್ತೆ. 20 ಮೀಟರ್ ದೂರ ಇದ್ದರೆ ಮೊದಲ 5 ಲೀಟರ್ ತಣ್ಣಗೇ ಬರುತ್ತೆ, ಅದು ದೋಷ ಅಲ್ಲ. ಅದಾದ ಮೇಲೂ ಬಿಸಿ ಬರದಿದ್ದರೆ ಮಾತ್ರ ದೂರಿ. ತಾರಸಿ ಮೇಲಿನ ಪೈಪಿಗೆ ಫೋಮ್ ಸುತ್ತಿ, ಅದರ ಮೇಲೆ ಅಲ್ಯೂಮಿನಿಯಂ ಟೇಪ್. ಬರೀ ಫೋಮು ಬಿಸಿಲಿಗೆ ಪುಡಿಯಾಗುತ್ತೆ.

ಚಿಂತಾಮಣಿ

ಬಿಸಿ ನಲ್ಲಿ ತಿರುಗಿಸಿದರೆ ಪಂಪ್ ಶುರುವಾಗುತ್ತಿದೆ! ವೆಂಟ್ ಕೆಳಗೆ ಬಿಳಿ ಗುರುತೂ ಇದೆ. ಎನ್‌ಆರ್‌ವಿ ಅಂದರೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಹಾಕಿದರೆ ಸಾಕಾ?

ಕೋಲಾರ, ಪ್ಲಂಬಿಂಗ್

ಸಾಲದು. ಎನ್‌ಆರ್‌ವಿ ಹಾಕಿದರೆ ತಣ್ಣೀರು ಹಿಂದಕ್ಕೆ ಹೋಗೋದು ನಿಲ್ಲುತ್ತೆ, ಆದರೆ 0.3 ಬಾರ್ ಬಿಸಿನೀರು ಪಂಪಿನ ಒತ್ತಡ ಮೀರಿ ಮುಂದೆ ಬರಲ್ಲ. ಮೇಲೆ ತಣ್ಣೀರಿನ ಸ್ನಾನವೇ ಗತಿ. ಎರಡೂ ಕಡೆ ಒತ್ತಡ ಸಮ ಆಗಬೇಕು. ಅಗ್ಗದ ದಾರಿ: ಮೇಲಿನ ಮಿಕ್ಸರ್‌ನ ತಣ್ಣೀರನ್ನು ಪಂಪಿನಿಂದ ಬಿಡಿಸಿ ನೇರ ಸಿಂಟೆಕ್ಸ್‌ಗೆ ಜೋಡಿಸಿ. ಫೋರ್ಸ್ ಬೇಕೇ ಬೇಕು ಅಂದ್ರೆ ಬಿಸಿ ಲೈನಿಗೂ ಅಷ್ಟೇ ಒತ್ತಡದ ಪಂಪ್ ಹಾಕಿ, ಬಿಸಿನೀರು ತಡೆಯುವಂಥದ್ದು, ಕನಿಷ್ಠ 80 ಡಿಗ್ರಿ. ಆಗ ಎರಡೂ ಲೈನಿಗೆ ಎನ್‌ಆರ್‌ವಿ ಬರಲಿ. ಪಂಪ್ ಕೂರಬೇಕಾದ್ದು ಟ್ಯಾಂಕಿನಿಂದ ನೀರು ಹೊರಬರುವ ಕಡೆ. ಒಳಹೋಗುವ ಕಡೆ ಇಟ್ಟರೆ ನಿಮ್ಮಂಥ ಒತ್ತಡ ತಡೆಯದ ಟ್ಯಾಂಕ್ ಉಬ್ಬಿ ಸೀಳುತ್ತೆ. ವೆಂಟ್ ಪೈಪ್ ಕಟ್ಟಿಕೊಂಡಿದ್ದರೆ ಪಂಪ್ ಎಳೆದಾಗ ಟ್ಯಾಂಕ್ ಒಳಕ್ಕೆ ನಜ್ಜಾಗುತ್ತೆ. ವೆಂಟ್ ಪೈಪಿನ ಬಾಯಿ ಸಿಂಟೆಕ್ಸ್‌ನ ನೀರಿನ ಮಟ್ಟಕ್ಕಿಂತ ಒಂದಡಿ ಮೇಲಿರಲಿ. ಪಂಪ್ ಜೋಡಿಸುವ ಮೊದಲು ವೆಂಟ್ ಪೈಪಿನೊಳಗೆ ಜೇಡರಬಲೆ, ಕಣಜದ ಗೂಡು ಇದೆಯಾ ಅಂತ ಒಂದು ತಂತಿ ಬಿಟ್ಟು ನೋಡಿ.